ಹಳೆಯ ಕನ್ನಡ ಕಡತಗಳನ್ನು ತೆರೆಯುವ ಮುನ್ನ

ಮುಂಬಯಿ ಹಾಗೂ ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳು ಇಪ್ಪತ್ತು-ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಸದಸ್ಯರ ಪಟ್ಟಿಗಳು ಯಾರದೋ ಕಪಾಟಿನ ಸಿ.ಡಿ.ಗಳಲ್ಲಿ ಉಳಿದಿರುವುದುಂಟು. ಇಂದಿನ ಯಂತ್ರದಲ್ಲಿ ಅವುಗಳನ್ನು ತೆರೆದರೆ ಹಲವು ವೇಳೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೋಜಲು ಕಾಣಿಸುತ್ತದೆ. 'ಕನ್ನಡ' ಎಂಬ ಪದದ ನಡುವೆಯೇ ಬ್ರಿಟಿಷ್ ಪೌಂಡಿನ ಚಿಹ್ನೆ ಕುಳಿತಿರುತ್ತದೆ! ಬ್ಯಾಂಕ್ ನೌಕರನಾದ ನನಗೆ ಪೌಂಡು ಅಪರಿಚಿತವಲ್ಲ. ಆದರೆ ಅಲ್ಲಿ ಅದಕ್ಕೇನು ಕೆಲಸ? ಕಡತ ಕೆಟ್ಟಿದೆಯೆಂದು ಎಸೆದುಬಿಡುವವರಿದ್ದಾರೆ. ವಾಸ್ತವದಲ್ಲಿ ಅದು ಕೆಟ್ಟಿರುವುದಿಲ್ಲ.

ಯಂತ್ರವು ಅಕ್ಷರಗಳನ್ನು ಸಂಗ್ರಹಿಸುವುದಿಲ್ಲ, ಸಂಖ್ಯೆಗಳನ್ನಷ್ಟೇ ಸಂಗ್ರಹಿಸುತ್ತದೆ. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಅದರ ಬೆಲೆ 0ರಿಂದ 255ರವರೆಗೆ. ಯಾವ ಸಂಖ್ಯೆ ಯಾವ ಅಕ್ಷರವೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ನಮ್ಮ ಅಂಬರನಾಥದ ಶಿವಾಲಯದಲ್ಲಿ ಶಿಲಾಹಾರರ ಕಾಲದ, ಕ್ರಿ.ಶ. 1060ರ ಶಾಸನವಿದೆ. ಕಲ್ಲಿನ ಗೆರೆಗಳು ಎಲ್ಲರಿಗೂ ಕಂಡರೂ ಲಿಪಿ ಬಲ್ಲವನಿಗೆ ಮಾತ್ರ ಅದು ಓದಾಗುತ್ತದೆ. ಬೈಟ್‌ಗಳ ಸ್ಥಿತಿಯೂ ಇಂಥದೇ.

ಕನ್ನಡಕ್ಕೆ ಇಂಥ ಒಪ್ಪಂದಗಳು ಒಂದಲ್ಲ, ಹಲವು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂಡಿಸಲಾಗಿತ್ತು. 'ಕ'ದ ಒಡಲಿಗೆ 80, ತಲೆಕಟ್ಟಿಗೆ 192, 'ನ'ದ ಒಡಲಿಗೆ 163. ಈ 163 ಪಾಶ್ಚಾತ್ಯ ಪಟ್ಟಿಯಲ್ಲಿ ಪೌಂಡಿನ ಸ್ಥಾನ. ಹೀಗೆ 'ಕನ್ನಡ' ಎಂಬ ಪದ ಅಲ್ಲಿ 7 ಬೈಟ್. ಭಾರತ ಸರಕಾರದ 1991ರ ಇಸ್ಕಿ ಮಾನಕದಲ್ಲಿ ಅದೇ ಪದ 5 ಬೈಟ್. ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲು; 'ಅ'ಕಾರದ ಸಂಖ್ಯೆ 3205. ಇದು ಒಂದು ಬೈಟಿನಲ್ಲಿ ಹಿಡಿಸದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯು.ಟಿ.ಎಫ್.-8 ಪದ್ಧತಿಯಲ್ಲಿ ಅದು 224, 178, 133 ಎಂಬ ಮೂರು ಬೈಟ್‌ಗಳಾಗುತ್ತದೆ. ಯು.ಟಿ.ಎಫ್.-16ರಲ್ಲಿ ಎರಡೇ ಸಾಕು: 12, 133. ಆದರೆ ಕ್ರಮ ತಿರುಗಿ 133, 12 ಎಂದು ಓದಿದರೆ ನಮ್ಮ 'ಅ' ಒಂದು ಚೀನೀ ಅಕ್ಷರವಾಗುತ್ತದೆ!

ಪ್ರೋಗ್ರಾಮಿಂಗ್ ಭಾಷೆಗಳು ಇದನ್ನು ನಿರ್ವಹಿಸುವ ಬಗೆ ಬೇರೆ ಬೇರೆ. 'ಅಂಬರನಾಥ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವುದು ಐದು ಅಕ್ಷರ. ಉದ್ದವೆಷ್ಟೆಂದು ಕೇಳಿದರೆ ಪೈಥಾನ್ 3, ಜಾವಾ, ಜಾವಾಸ್ಕ್ರಿಪ್ಟ್ ಭಾಷೆಗಳು 7 ಎನ್ನುತ್ತವೆ. ಅನುಸ್ವಾರ ಮತ್ತು 'ನಾ'ದ ದೀರ್ಘವನ್ನು ಬೇರೆಯಾಗಿ ಎಣಿಸುತ್ತವೆ. ಯು.ಟಿ.ಎಫ್.-8ರಲ್ಲಿರುವ ಇದೇ ಪದಕ್ಕೆ ಸಿ, ಗೋ, ರಸ್ಟ್ ಭಾಷೆಗಳ ಉತ್ತರ 21. ಅವು ಎಣಿಸುವುದು ಬೈಟ್‌ಗಳನ್ನು. ಐದು ಎಂದು ಹೇಳುವವರು ಇವರಲ್ಲಿ ಯಾರೂ ಇಲ್ಲ. ಜಾವಾದ ಬೈಟ್ ಬೇರೆ −128ರಿಂದ 127ರವರೆಗೆ ಮಾತ್ರ ಹೋಗುವುದರಿಂದ 224 ಅಲ್ಲಿ −32 ಎಂದು ಕಾಣುತ್ತದೆ. ಜಮೆಯನ್ನು ಖರ್ಚಿನ ಕಲಮಿಗೆ ಬರೆದಂತೆ.

ಲೆಕ್ಕದ ಈ ವ್ಯತ್ಯಾಸ ಕೇವಲ ಪಾಂಡಿತ್ಯದ ಮಾತಲ್ಲ. ಊರಿನ ಹೆಸರಿಗೆ 20 ಬೈಟ್ ಮೀಸಲಿಟ್ಟ ಕಡತದಲ್ಲಿ 'ಅಂಬರನಾಥ'ದ ಕೊನೆಯ ಬೈಟ್ ಹೊರಗುಳಿಯುತ್ತದೆ. 'ಥ'ದ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಸಿ ಭಾಷೆ ಹೀಗೆ ಸದ್ದಿಲ್ಲದೆ ಕತ್ತರಿಸುತ್ತದೆ. ರಸ್ಟ್ ಮಾತ್ರ ಪಠ್ಯವನ್ನು ಅಕ್ಷರದ ನಡುವೆ ಕತ್ತರಿಸಹೊರಟರೆ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಲ್ಲಿಸುವುದೇ ಮೇಲು. ಲೆಕ್ಕ ತಾಳೆಯಾಗದಿದ್ದರೆ ಅಂದಿನ ಪುಸ್ತಕ ಮುಚ್ಚಬಾರದಷ್ಟೆ. 2008ರಲ್ಲಿ ಬಂದ ಪೈಥಾನ್ 3 ಕೂಡ ಪಠ್ಯವನ್ನೂ ಬೈಟ್‌ಗಳನ್ನೂ ಬೇರೆ ಬೇರೆ ಜಾತಿಯೆಂದು ಕಟ್ಟುನಿಟ್ಟಾಗಿ ವಿಂಗಡಿಸಿತು. ಅದಕ್ಕಾಗಿ ಹಳೆಯ ಪ್ರೋಗ್ರಾಮ್‌ಗಳನ್ನು ತಿದ್ದಬೇಕಾಗಿ ಬಂದಾಗ ಗೊಣಗಿದವರು ಬಹಳ.

ಇನ್ನು ಹಳೆಯ ಕಡತಗಳ ವಿಚಾರ. ನುಡಿಯಲ್ಲಿ ಬರೆದ ಸಾದಾ ಪಠ್ಯವನ್ನು ಯು.ಟಿ.ಎಫ್.-8 ಎಂದು ಭಾವಿಸಿ ತೆರೆದರೆ ಪೈಥಾನ್ 3 ದೋಷ ತೋರಿಸಿ ನಿಲ್ಲುತ್ತದೆ. ತಲೆಕಟ್ಟಿನ 192 ಆ ಪದ್ಧತಿಯಲ್ಲಿ ಎಂದೂ ಬರಲಾಗದ ಬೈಟ್. ಆದರೆ ಕೆಲವು ತಂತ್ರಾಂಶಗಳು ನಿಲ್ಲದೆ, ಅರ್ಥವಾಗದ ಬೈಟ್‌ಗಳಿಗೆಲ್ಲ ಒಂದೇ ಬದಲಿ ಚಿಹ್ನೆ ಹಾಕಿ ತೋರಿಸುತ್ತವೆ. ಆಗ 'ಕನ್ನಡ'ದ ಏಳು ಬೈಟ್‌ಗಳಲ್ಲಿ ಎರಡು ಉಳಿದು, ಐದು ಒಂದೇ ಚಿಹ್ನೆಯಾಗುತ್ತವೆ. ನೋಡಿ ಮುಚ್ಚಿದರೆ ನಷ್ಟವಿಲ್ಲ. ಉಳಿಸಿದರೆ 163 ಯಾವುದು, 192 ಯಾವುದೆಂಬ ಭೇದವೇ ಅಳಿದು, ಮೂಲವನ್ನು ಯಾವ ಪರಿಣತನೂ ಮರಳಿ ತರಲಾರ.

ಆದ್ದರಿಂದ ಮೊದಲು ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಅದು ಯಾವ ಫಾಂಟಿನಲ್ಲಿದೆಯೆಂದು ಜೊತೆಗೆ ಬರೆದಿಡಬೇಕು. 'ನುಡಿ'ಯೋ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವೋ ಎಂಬುದು ತಿಳಿದರೆ ಪರಿವರ್ತನೆ ಸುಲಭ. ಪರಿವರ್ತಕಗಳು ತುಣುಕುಗಳ ಪಟ್ಟಿ ಹಿಡಿದು ಬೈಟ್‌ಗಳನ್ನು ಯುನಿಕೋಡ್‌ಗೆ ಬದಲಿಸುತ್ತವೆ. ಕಷ್ಟವಿರುವುದು ಅರ್ಕಾವತ್ತಿನಲ್ಲಿ. 'ಕರ್ನಾಟಕ' ಎಂಬಲ್ಲಿ ನುಡಿಯು 'ನಾ' ಬರೆದ ಬಳಿಕ ಅರ್ಕಾವತ್ತನ್ನು ಇಡುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟ ತಪ್ಪಿದರೆ ಪದ ಕೆಡುತ್ತದೆ. ಶಬ್ದಕೋಶದ ಪದವಾದರೆ ಓದುವವರು ಊಹಿಸಿಯಾರು. ಸದಸ್ಯರ ಪಟ್ಟಿಯ ಮನೆತನದ ಹೆಸರುಗಳನ್ನು ಮಾತ್ರ ಮುದ್ರಿತ ಪ್ರತಿ ಎದುರಿಗಿಟ್ಟುಕೊಂಡು, ಆ ಕುಟುಂಬಗಳನ್ನು ಬಲ್ಲ ಹಿರಿಯರೊಬ್ಬರು ಜೊತೆಗಿರುವಾಗಲೇ ಒಂದೊಂದಾಗಿ ತಾಳೆ ನೋಡಬೇಕು.