ಆ ಮಗು 35 ಅಂತ ಯಾಕೆ ಬರೆಯಿತು?

42ರಲ್ಲಿ 17 ಕಳೆದರೆ ಎಷ್ಟು? 25. ಆದರೆ ಮೂರನೇ ಕ್ಲಾಸಿನ ಮಗುವೊಂದು 35 ಅಂತ ಬರೆದಿದೆ ಅಂದ್ಕೊಳ್ಳಿ. ನೀವೇನು ಮಾಡ್ತೀರಿ? ಕೆಂಪು ಪೆನ್ನಲ್ಲಿ ತಪ್ಪು ಹಾಕ್ತೀರಿ, 25 ಅಂತ ಬರೆದು ಪುಸ್ತಕ ವಾಪಸ್ ಕೊಡ್ತೀರಿ. ತರಬೇತಾದ ಮೇಷ್ಟ್ರು ಹಾಗೆ ಮಾಡಲ್ಲ. ಈ 35 ಎಲ್ಲಿಂದ ಬಂತು ಅಂತ ಹುಡುಕ್ತಾರೆ. ಮಗು ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲೇ ಎರಡು ಕಳೆದಿದೆ, ಐದು. ನಾಲ್ಕರಲ್ಲಿ ಒಂದು ಹೋದರೆ ಮೂರು. ಅಂದರೆ ಮಗುವಿಗೆ ಕಳೆಯೋದು ಗೊತ್ತು. ಹತ್ತರ ಮನೆಯಿಂದ ದಶಕ ತರೋದು ಗೊತ್ತಿಲ್ಲ. ನಾನು ಇಂಜಿನಿಯರಿಂಗ್ ಓದಿದವನು. ನಮ್ಮಲ್ಲಿ ಇದಕ್ಕೆ ಡಿಬಗ್ಗಿಂಗ್ ಅಂತಾರೆ. ಉತ್ತರ ತಪ್ಪು ಅನ್ನೋದು ಎಲ್ಲರಿಗೂ ಕಾಣುತ್ತೆ, ತಪ್ಪು ಹುಟ್ಟಿದ ಜಾಗ ಕಾಣಬೇಕಾದರೆ ಕಣ್ಣು ಪಳಗಿರಬೇಕು.

ಆ ಕಣ್ಣನ್ನು ಪಳಗಿಸೋಕೆ ಇರೋದೇ ಶಿಕ್ಷಕರ ಕಾಲೇಜುಗಳು. ಕರ್ನಾಟಕದಲ್ಲಿ ಈ ಮಾತು ಬಂದಾಗ ಮಂಗಳೂರನ್ನು ಬಿಟ್ಟು ಮಾತಾಡೋಕಾಗಲ್ಲ. 1834ರಲ್ಲಿ ಬಾಸೆಲ್ ಮಿಷನ್‌ನವರು ಅಲ್ಲಿಗೆ ಬಂದಾಗ ಶಾಲೆ ನಡೆಸೋಕೆ ಮೊದಲು ತಾವೇ ಕನ್ನಡ ಕಲೀಬೇಕಾಯ್ತು. ಅದೇ ಮಿಷನ್‌ನ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದರು. ಸೇಂಟ್ ಆನ್ಸ್ ಶಿಕ್ಷಣ ಕಾಲೇಜು ಅವರದ್ದೇ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಕ್ರೈಸ್ತ ಕಾಲೇಜು ಅಂದ ಕೂಡಲೇ ಅಲ್ಲಿ ಧರ್ಮ ಕಲಿಸ್ತಾರೆ, ನಿಯಮ ಬೇರೆ ಇರುತ್ತೆ ಅಂದುಕೊಳ್ಳೋರಿದ್ದಾರೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ನಿಜ. ಆದರೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲದೆ ಧರ್ಮಬೋಧನೆ ಮಾಡುವಂತಿಲ್ಲ ಅಂತ 28ನೇ ವಿಧಿ ಹೇಳುತ್ತೆ. ಬಿ.ಎಡ್ ನಡೆಸಬೇಕಾದರೆ ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಅವರಿಗೂ ಬೇಕು.

ಹಾಗಾದರೆ ಒಳಗೆ ನಡೆಯೋದೇನು? ಮೊದಲು ಮೈಕ್ರೋ ಟೀಚಿಂಗ್. ಐದು ಹತ್ತು ಸಹಪಾಠಿಗಳೇ ಮಕ್ಕಳಾಗಿ ಕೂರ್ತಾರೆ. ಒಂದೇ ಒಂದು ಕೌಶಲ, ಉದಾಹರಣೆಗೆ ಪ್ರಶ್ನೆ ಕೇಳೋದು. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ತಿದ್ದಿಕೊಂಡು ಹೊಸ ಯೋಜನೆ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ಆಮೇಲೆ ನಿಜವಾದ ಶಾಲೆ. 2014ರ ನಿಯಮ ಬಂದ ಮೇಲೆ ಬಿ.ಎಡ್ ಎರಡು ವರ್ಷದ್ದು. ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು. ತರಗತಿಗೆ 80 ಪರ್ಸೆಂಟ್, ಶಾಲೆಯ ಇಂಟರ್ನ್‌ಶಿಪ್‌ಗೆ 90 ಪರ್ಸೆಂಟ್ ಹಾಜರಾತಿ ಕಡ್ಡಾಯ.

ಯಾಕೆ ಅಷ್ಟು? ನೋಡಿ, ಮಂಗಳೂರಿನ ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಮಾತಾಡೋ ಮಗು ಇರುತ್ತೆ, ಕೊಂಕಣಿ ಮಗು ಇರುತ್ತೆ, ಬ್ಯಾರಿ ಮಗು ಇರುತ್ತೆ. ಕನ್ನಡದ ಪ್ರಶ್ನೆಗೆ ಸುಮ್ಮನೆ ಕೂತ ಮಗುವಿಗೆ ಉತ್ತರ ಗೊತ್ತಿಲ್ಲವೋ, ಪ್ರಶ್ನೆಯೇ ಅರ್ಥವಾಗಿಲ್ಲವೋ? ಅದನ್ನು ಗೈಡ್ ಓದಿ ತಿಳಿಯೋಕಾಗಲ್ಲ. ಮಗುವಿನ ಮುಂದೆ ನಿಂತೇ ತಿಳೀಬೇಕು.

ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನ ಹಿಂದಿರೋದೂ ಇದೇ ವಿವೇಕ. ಒಂದರಿಂದ ಐದನೇ ಕ್ಲಾಸಿಗೆ ಬಿ.ಎಡ್ ಸಾಲದು, ಚಿಕ್ಕ ಮಕ್ಕಳಿಗೆ ಕಲಿಸುವ ಡಿ.ಎಲ್.ಎಡ್ ತರಬೇತಿಯೇ ಬೇಕು ಅಂತು ಕೋರ್ಟು. ದೊಡ್ಡ ಡಿಗ್ರಿ ಇದ್ದೋರು ಚಿಕ್ಕ ಕ್ಲಾಸಿಗೆ ಸಾಕು ಅನ್ನೋ ನಮ್ಮ ಲೆಕ್ಕವನ್ನೇ ಅದು ಅಡಿಮೇಲು ಮಾಡಿತು. ಮಗುವಿಗೆ ಮೊದಲ ಅಕ್ಷರ ಕಲಿಸೋದು ಬೇರೆಯೇ ವಿದ್ಯೆ ಸ್ವಾಮಿ.

ಈಗ ಕಹಿ ಮಾತು. ಫೀಸು ಕಟ್ಟಿ, ಪರೀಕ್ಷೆಗೆ ಮಾತ್ರ ಬಂದು ಬಿ.ಎಡ್ ಮುಗಿಸೋದು ಗುಟ್ಟಾಗಿ ಉಳಿದಿಲ್ಲ. ಸುಪ್ರೀಂ ಕೋರ್ಟ್ ರಚಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲೇ ಈ ಕ್ಷೇತ್ರದ ಕಳಪೆ ಗುಣಮಟ್ಟವನ್ನು ಎತ್ತಿ ತೋರಿಸಿತ್ತು. ಹಾಜರಾತಿ ಪುಸ್ತಕದಲ್ಲಿ ಮಾತ್ರ ನಡೆದ ಆ 20 ವಾರಗಳ ಬೆಲೆ ಕಟ್ಟೋದು ಕಾಲೇಜಲ್ಲ, ಸರ್ಕಾರವೂ ಅಲ್ಲ. 35 ಅಂತ ಬರೆದ ಮಗು. ದಶಕ ತರೋದು ಗೊತ್ತಿಲ್ಲದೆ ಐದನೇ ಕ್ಲಾಸಿಗೆ ಹೋದ ಮಗುವಿಗೆ ಭಾಗಾಕಾರ ಬರಲ್ಲ. ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಬರಲ್ಲ. ಆಗ ನಾವೆಲ್ಲ ಸೇರಿ, ಇವನ ತಲೆಗೆ ಗಣಿತ ಹತ್ತಲ್ಲ ಅಂದುಬಿಡ್ತೀವಿ.

ಕಾಲೇಜಿನ ಬೋರ್ಡಿನ ಮೇಲೆ ಸಂತರ ಹೆಸರಿರಲಿ, ಮಠದ ಹೆಸರಿರಲಿ, ಸರ್ಕಾರದ ಮುದ್ರೆ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಆ 20 ವಾರ ನಿಜವಾಗಿ ನಡೆಯುತ್ತಾ? ಮುಂದಿನ ಸಲ ಮಗುವಿನ ಅಡ್ಮಿಷನ್‌ಗೆ ಹೋದಾಗ ಸ್ಮಾರ್ಟ್ ಬೋರ್ಡ್ ಇದೆಯಾ, ಬಸ್ ಬರುತ್ತಾ ಅಂತ ಕೇಳಿ, ಬೇಡ ಅನ್ನಲ್ಲ. ಜೊತೆಗೆ ಇದನ್ನೂ ಕೇಳಿ: ಒಂದನೇ ಕ್ಲಾಸಿನ ಟೀಚರ್ ಎಲ್ಲಿ ತರಬೇತಿ ಪಡೆದರು? ಕೇಳೋದು ನಿಮ್ಮ ಹಕ್ಕು.