ಕಣ್ಣು ಹೇಳುವ ನೆತ್ತರ ಸುದ್ದಿ

"ಯಾಕ್ ಮಗ, ಮೊಕ ಹಿಂಗೆ ಬಿಳಿಚ್ಕಂಡದ?"

ತಾಳವಾಡಿ ಕಡೆಯ ಅಜ್ಜಿಯರ ಈ ಪ್ರಶ್ನೆ ವೈದ್ಯರದ್ದೂ ಹೌದು. ನೆತ್ತರು ಕಡಿಮೆಯಾದರೆ ಕೆಳರೆಪ್ಪೆಯ ಒಳಭಾಗ ಕೆಂಪು ಕಳೆದುಕೊಂಡು ಬಿಳಿಚುತ್ತದೆ.

ಬೆಟ್ಟದ ಮಕ್ಕಳಲ್ಲಿ ಇನ್ನೊಂದನ್ನೂ ಗಮನಿಸಬೇಕು: ಸಿಕಲ್ ಸೆಲ್ ರಕ್ತಹೀನತೆ. ನೀಲಗಿರಿಯ ಬುಡಕಟ್ಟುಗಳಲ್ಲಿ ಇದು 1952ರಲ್ಲೇ ಪತ್ತೆಯಾಗಿತ್ತು. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸದಿಂದ ಸೋಲಿಗರಲ್ಲೂ ಇರುವುದು ತಿಳಿಯಿತು. ಸೋಲಿಗರ ಪೋಡುಗಳು ಗಡಿಯ ಎರಡೂ ಕಡೆ ಇವೆ. ಕಾಯಿಲೆಗೆ ಚೆಕ್‌ಪೋಸ್ಟ್ ಎಲ್ಲಿ?

ಈ ರೋಗದಲ್ಲಿ ಕೆಂಪು ಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದದ್ದು 10-20 ದಿನಕ್ಕೇ ಒಡೆಯುತ್ತದೆ. ಒಡೆದ ಕಣದ ಬಣ್ಣದಿಂದ ಕಣ್ಣಿನ ಬಿಳಿ ಹಳದಿಯಾಗುತ್ತದೆ. ಮನೆಯವರು "ಕಾಮಾಲೆ ಕನಾ" ಎಂದು ಸೊಪ್ಪಿನ ಮದ್ದಿಗೆ ಓಡುತ್ತಾರೆ. ಮಗುವಿನ ಕೈಕಾಲು ನೋವು ಮಾತ್ರ ಮತ್ತೆ ಮತ್ತೆ ಬರುತ್ತದೆ. ಮೈಬಣ್ಣ ನಂಬುವಂತಿಲ್ಲ. ಅರಿಶಿನ ಬೆಳೆಯುವ ಸೀಮೆ ಇದು, ಕೆನ್ನೆಗೂ ಅದೇ! ಹಗಲು ಬೆಳಕಿನಲ್ಲಿ ಕಣ್ಣನ್ನೇ ನೋಡಬೇಕು.

ಆದರೂ ಮುಖ ಸುಳಿವಷ್ಟೇ. ಒಂದೇ ಕಡೆಯಿಂದ ದೋಷ ಪಡೆದ ವಾಹಕರ ಮುಖದಲ್ಲಿ ಏನೂ ಕಾಣದು. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಪರೀಕ್ಷೆಯೊಂದೇ ದಾರಿ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಆರಂಭಿಸಿದ್ದು ಬುಡಕಟ್ಟು ಜನರ ತಪಾಸಣೆಗಾಗಿಯೇ. ಹೈಡ್ರಾಕ್ಸಿಯೂರಿಯಾ ಔಷಧ ನೋವಿನ ಹೊಡೆತ ತಗ್ಗಿಸುತ್ತದೆ, ವೈದ್ಯರು ಹೇಳಿದಂತೆ ತೆಗೆದುಕೊಂಡರೆ.

ಇಂಥ ಮಗುವಿಗೆ ಜ್ವರವೋ ಎದೆನೋವೋ ಬಂದರೆ ಕಾಯಬಾರದು. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ, ಚಾಮರಾಜನಗರಕ್ಕೋ ಎಂದು ಜಗಲಿಯಲ್ಲಿ ಕೂತು ಮಾತಾಡುವ ಹೊತ್ತಲ್ಲ ಅದು.