ಮೇಲ್ಮಟ್ಟದ ಜಲಸಂಗ್ರಹಾಗಾರಗಳ ದುರಸ್ತಿ: ಅನುಮೋದನೆಗೆ ಮುನ್ನ ಸದಸ್ಯರು ಅರಿತಿರಬೇಕಾದ ಸಂಗತಿಗಳು

‘ಟ್ಯಾಂಕ್ ಸೋರುತ್ತಿದೆ, ದುರಸ್ತಿಗೆ ಅನುಮೋದನೆ ನೀಡಬೇಕು’ ಎಂಬ ವಿಷಯವು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಮಾನ್ಯ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ, ಸೋರಿಕೆ ಎಲ್ಲಿಂದ ಎಂಬುದು. ಕೊಳವೆ ಮತ್ತು ವಾಲ್ವ್‌ಗಳಿಂದಾದರೆ ಕೆಲಸ ಸಣ್ಣದು. ಗೇಟ್ ವಾಲ್ವ್‌ನ ತಿರುಪು ದಂಡದ ಬಳಿ ನೀರು ತೊಟ್ಟಿಕ್ಕುತ್ತಿದ್ದರೆ ಅಲ್ಲಿನ ಪ್ಯಾಕಿಂಗ್ ಬದಲಾಯಿಸಿದರೆ ಬಹುತೇಕ ಸಾಕಾಗುತ್ತದೆ. ಅಷ್ಟಕ್ಕೇ ಹೊಸ ವಾಲ್ವ್ ಖರೀದಿಸುವುದು ಅನಗತ್ಯ ವೆಚ್ಚ. ತುಕ್ಕು ಹಿಡಿದ ಏಣಿ, ಮುರಿದ ಮುಚ್ಚಳ, ಹರಿದ ಗಾಳಿಕೊಳವೆಯ ಜಾಲರಿಗಳನ್ನು ಮಾತ್ರ ತೇಪೆ ಹಾಕದೆ ಬದಲಾಯಿಸುವುದೇ ಲೇಸು.

ಕಾಂಕ್ರೀಟ್ ಗೋಡೆಯೇ ಸೋರುತ್ತಿದ್ದರೆ ವಿಷಯ ಗಂಭೀರ. ಬಿರುಕಿನ ಮೂಲಕ ನೀರು ಮತ್ತು ಗಾಳಿ ಒಳಗಿನ ಕಬ್ಬಿಣದ ಸರಳುಗಳನ್ನು ತಲುಪುತ್ತವೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಇಂತಹ ಕಡೆ ಹೊರಗಿನಿಂದ ಗಾರೆ ಮೆತ್ತಿ ಬಣ್ಣ ಬಳಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ತೊಟ್ಟಿ ಹೊಸದರಂತೆ ಕಾಣುತ್ತದೆ, ಒಳಗೆ ತುಕ್ಕು ಮುಂದುವರಿಯುತ್ತದೆ. ಸಡಿಲಗೊಂಡ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕೆತ್ತಿ ತೆಗೆದು, ತುಕ್ಕನ್ನು ಉಜ್ಜಿ, ಸವೆದು ತೆಳುವಾದ ಸರಳಿಗೆ ಹೊಸ ಸರಳನ್ನು ಜೋಡಿಸಿ, ತುಕ್ಕುನಿರೋಧಕ ಲೇಪ ಹಚ್ಚಿದ ಬಳಿಕವೇ ದುರಸ್ತಿ ಗಾರೆ ತುಂಬಬೇಕು. ಜಲನಿರೋಧಕ ಲೇಪನವು ತೊಟ್ಟಿಯ ಒಳಮೈಗೆ ಬೀಳಬೇಕು. ಹೊರಗೆ ಹಚ್ಚಿದ್ದನ್ನು ನೀರಿನ ಒತ್ತಡ ಕಿತ್ತುಹಾಕುತ್ತದೆ. ಆ ಲೇಪನ ಕುಡಿಯುವ ನೀರಿಗೆ ಯೋಗ್ಯವಾದುದೆಂದು ಅಂದಾಜುಪಟ್ಟಿಯಲ್ಲಿ ನಮೂದಾಗಿರಬೇಕು.

ಕಂಬ ಮತ್ತು ತೊಲೆಗಳಲ್ಲಿ ಸರಳು ಹೊರಗೆ ಕಾಣುತ್ತಿದ್ದರೆ ದುರಸ್ತಿಯೋ ತೆರವೋ ಎಂಬುದನ್ನು ಸಭೆಯ ಬಹುಮತದಿಂದ ತೀರ್ಮಾನಿಸುವಂತಿಲ್ಲ. ಇಂಜಿನಿಯರರಿಂದ ದೃಢತೆಯ ಪರೀಕ್ಷೆ ಮಾಡಿಸಬೇಕು. 50,000 ಲೀಟರ್ ನೀರಿನ ತೂಕವೇ 50 ಟನ್. ತೊಟ್ಟಿಯ ಪಕ್ಕದಲ್ಲಿ ಅಂಗನವಾಡಿಯೋ ಶಾಲೆಯೋ ಇದ್ದರೆ ವರದಿ ಬರುವವರೆಗೆ ಅದನ್ನು ತುಂಬಿಸದಿರುವುದು ಕ್ಷೇಮ.

ತೊಟ್ಟಿಯೊಳಗೆ ನೀರುಗಂಟಿಯನ್ನು ಒಬ್ಬನನ್ನೇ ಇಳಿಸಕೂಡದು. ಮುಚ್ಚಿದ ತೊಟ್ಟಿಯಲ್ಲಿ ಆಮ್ಲಜನಕ ಕಡಿಮೆ ಇರಬಹುದು, ಲೇಪನದ ಆವಿಯೂ ಸೇರಿಕೊಳ್ಳುತ್ತದೆ. ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೊಬ್ಬರು ಕಾವಲಿರಬೇಕು. ಒಳಗೆ ಬಿದ್ದವರನ್ನು ಎತ್ತಲು ಧಾವಿಸಿ ಇಳಿದವರೂ ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ.

ಅಂತಿಮ ಬಿಲ್ಲಿಗೆ ಮುನ್ನ ಸೋರಿಕೆ ಪರೀಕ್ಷೆ ನಡೆಯತಕ್ಕದ್ದು. ಭಾರತೀಯ ಮಾನಕ 3370ರಂತೆ ತೊಟ್ಟಿಯನ್ನು ತುಂಬಿಸಿ, ನೀರು ಹೀರಿಕೊಳ್ಳಲು 7 ದಿನ ಬಿಟ್ಟು, ನಂತರದ 7 ದಿನಗಳ ಕಾಲ ಹೊರಮೈ ಒಣಗಿರುವುದನ್ನು ಗಮನಿಸಬೇಕು. ಈ ಅವಧಿಗೆ ಗ್ರಾಮಕ್ಕೆ ಪರ್ಯಾಯ ನೀರಿನ ವ್ಯವಸ್ಥೆಯನ್ನು ಮೊದಲೇ ನಿಗದಿಪಡಿಸಿಕೊಳ್ಳುವುದು ಒಳಿತು. ಇಲ್ಲವಾದರೆ ಮೂರನೆಯ ದಿನವೇ ವಾಲ್ವ್ ತೆರೆಯುವ ಒತ್ತಡ ಬರುತ್ತದೆ.

ಪರೀಕ್ಷೆಯ ಬಳಿಕ ತೊಟ್ಟಿಯನ್ನು ತೊಳೆದು ಕ್ಲೋರಿನೀಕರಿಸಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಪ್ರಮಾಣಕ್ಕೆ 50,000 ಲೀಟರಿನ ತೊಟ್ಟಿಗೆ ಶೇ. 25 ಸತ್ವದ ಬ್ಲೀಚಿಂಗ್ ಪೌಡರ್ 10 ಕೆ.ಜಿ. ಬೇಕು. ಹಳೆಯ ದಾಸ್ತಾನಿನಲ್ಲಿ ಈ ಸತ್ವ ಉಳಿದಿರುವುದಿಲ್ಲ. ಆ ನೀರನ್ನು ನಲ್ಲಿಗೆ ಬಿಡದೆ ಹೊರಹಾಕಿ, ಹೊಸ ನೀರು ತುಂಬಿಸಿ, ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರುವುದನ್ನು ಪರೀಕ್ಷಿಸಿದ ನಂತರ ಸರಬರಾಜು ಪುನರಾರಂಭಿಸತಕ್ಕದ್ದು.